ಫಿಲಿಪ್ ದ್ವೀಪದ ಪೆಂಗ್ವಿನ್ ನೋಡಲು ಹೊರಡುವ ಮುನ್ನ

ಮೆಲ್ಬರ್ನ್‌ನಿಂದ ಫಿಲಿಪ್ ದ್ವೀಪ ಸುಮಾರು 140 ಕಿ.ಮೀ. ಸ್ಯಾನ್ ರೆಮೋ ಊರಿನಿಂದ ಸೇತುವೆ ಇರುವುದರಿಂದ ದೋಣಿ ಬೇಕಿಲ್ಲ, ಕಾರಿನಲ್ಲಿ ಎರಡು ಗಂಟೆಯ ದಾರಿ.

ಇಲ್ಲಿ ಎಲ್ಲವನ್ನೂ ಸೂರ್ಯಾಸ್ತದ ಲೆಕ್ಕದಲ್ಲೇ ಯೋಜಿಸಬೇಕು. ಹದ್ದಿನಂಥ ಹಕ್ಕಿಗಳ ಕಣ್ಣು ತಪ್ಪಿಸಲು ಪುಟ್ಟ ಪೆಂಗ್ವಿನ್‌ಗಳು ಕತ್ತಲಾದ ಮೇಲೆಯೇ ಗುಂಪುಗಟ್ಟಿ ಸಮ್ಮರ್‌ಲ್ಯಾಂಡ್ ದಂಡೆಗೆ ಬರುತ್ತವೆ. ಎತ್ತರ 33 ಸೆಂ.ಮೀ., ತೂಕ ಒಂದು ಕಿಲೋ ಆಸುಪಾಸು. ಜೂನ್‌ನಲ್ಲಿ ಸಂಜೆ ಐದು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಇಲ್ಲಿ ಬೇಸಿಗೆಯಾದ ಡಿಸೆಂಬರ್‌ನಲ್ಲಿ ಎಂಟೂವರೆ ಆದರೂ ಬೆಳಕಿರುತ್ತದೆ, ಮನೆ ಸೇರುವಾಗ ನಡುರಾತ್ರಿ. ಚಿಕ್ಕ ಮಕ್ಕಳಿದ್ದರೆ ದ್ವೀಪದಲ್ಲೇ ಇರುವ ಕೌಸ್ ಊರಿನಲ್ಲಿ ಉಳಿಯುವುದೇ ಮೇಲು.

ರಜೆಯಲ್ಲಿ ಟಿಕೆಟ್ ಬೇಗ ಖಾಲಿಯಾಗುತ್ತದೆ, ಮೊದಲೇ ಕಾಯ್ದಿರಿಸಿ. ಬೇಸಿಗೆಯಲ್ಲೂ ದಪ್ಪ ಜಾಕೆಟ್, ಟೋಪಿ ಬೇಕು: ಬಾಸ್ ಜಲಸಂಧಿಯ ಗಾಳಿ ಕೊರೆಯುತ್ತದೆ. ಪೆಂಗ್ವಿನ್ ಬರುವಾಗ ಫೋಟೊ ತೆಗೆಯುವಂತಿಲ್ಲ, ಮೊಬೈಲಿನಲ್ಲೂ ಇಲ್ಲ. ಬೆಳಕಿಗೆ ಅವು ಬೆದರಿ ದಾರಿ ತಪ್ಪುತ್ತವೆ, ದಯವಿಟ್ಟು ಪಾಲಿಸಿ.

ಮೊದಲ ಗುಂಪು ದಂಡೆ ದಾಟಿದ ಕೂಡಲೇ ಹಲವರು ಎದ್ದು ಹೊರಡುತ್ತಾರೆ. ನಿಲ್ಲಿ. ಮರದ ಕಾಲುದಾರಿಯ ಪಕ್ಕದಲ್ಲೇ ಅವು ಬಿಲ ಸೇರುವುದು, ಕೂಗಾಡುವುದು ತೀರಾ ಹತ್ತಿರದಿಂದ ಕಾಣುತ್ತದೆ. ಹೊರಡುವಾಗ ಕಾರಿನಡಿ ಬಗ್ಗಿ ನೋಡಿ, ಅಲ್ಲೂ ಪೆಂಗ್ವಿನ್ ಇರಬಹುದು. ರಾತ್ರಿ ರಸ್ತೆಗೆ ವಾಲಬಿಗಳು (ಕಾಂಗರೂ ಜಾತಿಯ ಚಿಕ್ಕ ಪ್ರಾಣಿಗಳು) ಜಿಗಿಯುತ್ತವೆ, ನಿಧಾನವಾಗಿ ಓಡಿಸಿ.