ಕ್ಲೀವ್‌ಲ್ಯಾಂಡಿನ ಹಳೆಯ ಮನೆ: ಸಾಲದ ಹಣ ಮೊದಲು ಎಲ್ಲಿಗೆ ಹೋಗಬೇಕು

ಅಮೆರಿಕದಲ್ಲಿ ಹಳೆಯ ಮನೆ ಕೊಂಡು, ದುರಸ್ತಿ ಮಾಡಿಸಿ ಬಾಡಿಗೆಗೆ ಕೊಡುತ್ತೇನೆ ಎಂದರೆ ಊರಿನಿಂದ ಬರುವ ಮೊದಲ ಪ್ರಶ್ನೆ, ‘ಜಾಗದ ಬೆಲೆ ಎಷ್ಟು ಏರಿದೆ?’ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಜಾಗ ನೆಚ್ಚಿಕೊಂಡು ಕೂತರೆ ಆಗದು. 1950ರಲ್ಲಿ ಒಂಬತ್ತು ಲಕ್ಷ ದಾಟಿದ್ದ ಈ ನಗರದ ಜನಸಂಖ್ಯೆ 2020ರ ಹೊತ್ತಿಗೆ ನಾಲ್ಕು ಲಕ್ಷಕ್ಕಿಂತ ಕೆಳಗಿಳಿದಿತ್ತು. ಉಕ್ಕಿನ ಕಾರ್ಖಾನೆಗಳ ಕಾಲದಲ್ಲಿ ಕಟ್ಟಿದ ಮರದ ಮನೆಗಳು ಮಾತ್ರ ಬೀದಿಬೀದಿಗಳಲ್ಲಿ ಉಳಿದಿವೆ. ಕೆಳಗೊಂದು, ಮೇಲೊಂದು ಸಂಸಾರ ಇರುವಂಥ ಮನೆಗೆ ಇಲ್ಲಿಯವರು ‘ಡಬಲ್’ ಎನ್ನುತ್ತಾರೆ. ಕಟ್ಟಡ ಯಾವ ಸ್ಥಿತಿಯಲ್ಲಿದೆ ಎನ್ನುವುದರ ಮೇಲೆಯೇ ಅದರ ಬೆಲೆ ನಿಂತಿದೆ.

ಚಾವಣಿ ಸೋರುವ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಕೆಟ್ಟಿರುವ ಮನೆಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಅಂಥಲ್ಲಿ ಹೂಡಿಕೆದಾರರು ಹಿಡಿಯುವ ದಾರಿ ‘ಹಾರ್ಡ್ ಮನಿ’ ಎಂಬ ಖಾಸಗಿ ಸಾಲ. ಹೆಚ್ಚೆಂದರೆ ಒಂದೂವರೆ ವರ್ಷದ ಅವಧಿ, ಬ್ಯಾಂಕಿಗಿಂತ ಬಹಳ ಹೆಚ್ಚಿನ ಬಡ್ಡಿ, ಅದರ ಮೇಲೆ ‘ಪಾಯಿಂಟ್ಸ್’ ಎಂದು ಮೊದಲೇ ಕಟ್ಟಬೇಕಾದ ಶುಲ್ಕ. ಸಾಲ ಪಡೆಯುವವನ ಸಂಬಳಕ್ಕಿಂತ ದುರಸ್ತಿಯ ನಂತರ ಮನೆ ಎಷ್ಟು ಬೆಲೆ ಬಾಳುತ್ತದೆ ಎನ್ನುವುದನ್ನು ಸಾಲ ಕೊಡುವವರು ನೋಡುತ್ತಾರೆ. ಈ ವ್ಯವಹಾರದವರು ಬಾಯಲ್ಲೇ ಹಾಕುವ ಲೆಕ್ಕವೊಂದಿದೆ: ದುರಸ್ತಿಯ ನಂತರದ ಬೆಲೆಯ ಶೇ 70ರಲ್ಲಿ ದುರಸ್ತಿ ಖರ್ಚು ಕಳೆದರೆ ಉಳಿಯುವುದೇ ಕೊಳ್ಳಬಹುದಾದ ಗರಿಷ್ಠ ಬೆಲೆ. 2 ಲಕ್ಷ ಡಾಲರ್ ಬಾಳಬಹುದಾದ ಮನೆಗೆ 50 ಸಾವಿರದ ಕೆಲಸವಿದ್ದರೆ, 90 ಸಾವಿರಕ್ಕಿಂತ ಹೆಚ್ಚು ಕೊಡಬಾರದು.

ದುರಸ್ತಿಯ ಹಣವೂ ಒಟ್ಟಿಗೆ ಕೈಗೆ ಬರುವುದಿಲ್ಲ. ಒಂದು ಹಂತದ ಕೆಲಸ ಮುಗಿದು, ಪರಿಶೀಲಕರು ಬಂದು ನೋಡಿ ಒಪ್ಪಿದ ಮೇಲೆ ಆ ಹಂತದ ಕಂತು ಬಿಡುಗಡೆಯಾಗುತ್ತದೆ. ಅಂದರೆ ಮೊದಲ ಹಂತ ಸ್ವಂತ ಹಣದಿಂದಲೇ ನಡೆಯಬೇಕು. ಗುತ್ತಿಗೆದಾರನಿಗೆ ಹಣ ಕೊಡುವಾಗಲೆಲ್ಲ, ಮನೆಯ ಮೇಲಿನ ಹಕ್ಕು ಬಿಟ್ಟುಕೊಡುವ ‘ಲೀನ್ ವೇವರ್’ ಪತ್ರವನ್ನು ಅವನಿಂದಲೂ ಅವನಿಗೆ ಸಾಮಗ್ರಿ ಕೊಟ್ಟವರಿಂದಲೂ ಬರೆಸಿಕೊಳ್ಳಬೇಕು. ಅವನು ಮರ, ಪೈಪು ಕೊಟ್ಟವರ ಬಾಕಿ ಉಳಿಸಿದರೆ, ಅವರು ನಮ್ಮ ಮನೆಯ ಮೇಲೆಯೇ ಹಕ್ಕು ಸಾಧಿಸಬಹುದು.

ಕೆಲಸ ಮುಗಿದು ಬಾಡಿಗೆದಾರರು ಬಂದ ಮೇಲೆ ದುಬಾರಿ ಸಾಲವನ್ನು ತೀರಿಸಿ, 30 ವರ್ಷದ ಸ್ಥಿರ ಬಡ್ಡಿಯ ಸಾಲಕ್ಕೆ ಬದಲಾಯಿಸಿಕೊಳ್ಳುವುದು ಮುಂದಿನ ಹೆಜ್ಜೆ. ಬ್ಯಾಂಕುಗಳ ಗೃಹಸಾಲಗಳನ್ನು ಖರೀದಿಸುವ ಫ್ಯಾನಿ ಮೇ ಸಂಸ್ಥೆಯ ನಿಯಮದಂತೆ, ಹಳೆಯ ಸಾಲ ತೀರಿಸಿ ಮಿಕ್ಕ ನಗದನ್ನು ಕೈಗೆ ಪಡೆಯುವ ಮರುಸಾಲ ಬಾಡಿಗೆಗೆಂದು ಕೊಂಡ ಡಬಲ್‌ಗೆ ಮನೆಯ ಬೆಲೆಯ ಶೇ 70ರವರೆಗೆ ಸಿಗುತ್ತದೆ. 2023ರಿಂದ, ತೀರಿಸಬೇಕಾದ ಹಳೆಯ ಸಾಲಕ್ಕೆ ಕನಿಷ್ಠ 12 ತಿಂಗಳು ತುಂಬಿರಬೇಕು. ಆರು ತಿಂಗಳ ಅವಧಿಯ ಹಾರ್ಡ್ ಮನಿ ತೆಗೆದುಕೊಂಡವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ನನಗೆ ಬೇಸರ ತರಿಸುವ ಸಂಗತಿ ಇರುವುದು ಇಲ್ಲೇ. ಮರುಸಾಲದ ಮೊತ್ತವನ್ನು ನಿರ್ಧರಿಸುವ ಮೌಲ್ಯಮಾಪಕರ ಕಣ್ಣಿಗೆ ಬೀಳುವುದು ಹೊಸ ಅಡುಗೆಮನೆ, ಸ್ನಾನದಮನೆ, ಹೊಳೆಯುವ ನೆಲ. ಗೋಡೆಯೊಳಗಿನ ವೈರು, ನೆಲದಡಿಯ ಚರಂಡಿ ಕೊಳವೆ, ಕಿಟಕಿಯ ಬಣ್ಣ ಇವೆಲ್ಲ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಹಣ ಮೊದಲು ಗ್ರಾನೈಟಿಗೆ ಹೋಗುತ್ತದೆ, ಕಿಟಕಿಗೆ ಕೊನೆಗೆ ಏನೂ ಉಳಿಯುವುದಿಲ್ಲ.

ಆ ಕಿಟಕಿಗಳನ್ನು ಹತ್ತಿರದಿಂದ ನೋಡಬೇಕು. ಮೇಲಕ್ಕೂ ಕೆಳಕ್ಕೂ ಜಾರುವ ಮರದ ಬಾಗಿಲುಗಳು ಅವು. ಎತ್ತಿ ಇಳಿಸುವಾಗಲೆಲ್ಲ ಮರ ಚೌಕಟ್ಟಿಗೆ ಉಜ್ಜಿ, ದಶಕಗಳಿಂದ ಪದರ ಪದರವಾಗಿ ಬಳಿದ ಬಣ್ಣ ಪುಡಿಯಾಗಿ ಕಿಟಕಿಯ ಕಟ್ಟೆಯ ಮೇಲೆ ಕೂರುತ್ತದೆ. ಮನೆಗಳಿಗೆ ಸೀಸ ಬೆರೆತ ಬಣ್ಣ ಬಳಿಯುವುದನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಈ ಮನೆಗಳು ಅದಕ್ಕಿಂತ ಎಷ್ಟೋ ಹಳೆಯವು. ಅಂಬೆಗಾಲಿಡುವ ಮಗು ಆ ಕಟ್ಟೆ ಹಿಡಿದು ಎದ್ದು ನಿಲ್ಲುತ್ತದೆ, ಕೈ ಬಾಯಿಗೆ ಹೋಗುತ್ತದೆ. ಮಗುವಿನ ಮಿದುಳಿಗೆ ಆಗುವ ಹಾನಿ ಸರಿಹೋಗುವಂಥದ್ದಲ್ಲ. 1978ಕ್ಕೂ ಹಿಂದಿನ ಬಾಡಿಗೆ ಮನೆಗಳಿಗೆ ಸೀಸದಿಂದ ಸುರಕ್ಷಿತ ಎಂಬ ಪ್ರಮಾಣಪತ್ರ ಬೇಕೆಂದು ಕ್ಲೀವ್‌ಲ್ಯಾಂಡ್ 2019ರಲ್ಲಿ ಕಾನೂನು ಮಾಡಿತು. ಅಂಥ ಮನೆಗಳಲ್ಲಿ ಹಳೆಯ ಬಣ್ಣ ಕೆದಕುವ ಗುತ್ತಿಗೆದಾರರು ತರಬೇತಿ ಪಡೆದಿರಬೇಕೆಂಬ ಕೇಂದ್ರ ಸರ್ಕಾರದ ನಿಯಮ 2010ರಿಂದ ಇದೆ. ಬಾಡಿಗೆ ಮನೆಯ ಮಾಲೀಕ ಸ್ವತಃ ಕೆದಕಿದರೂ ಅದು ಅನ್ವಯಿಸುತ್ತದೆ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಬಣ್ಣವನ್ನು ಒದ್ದೆ ಮಾಡಿ ಕೆರೆದು, ಸೂಕ್ಷ್ಮ ಧೂಳನ್ನೂ ಹಿಡಿಯುವ ಯಂತ್ರದಿಂದ ಗುಡಿಸಿ, ಕೊನೆಗೆ ಕಟ್ಟೆ ಒರೆಸಿದ ಬಟ್ಟೆಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸಮಯ ಹಿಡಿಯುವ ಕೆಲಸ. ನಾನು ಕಿಟಕಿ, ವೈರು, ಚರಂಡಿಗಳನ್ನು ಸಾಲದ ಮೊದಲ ಕಂತಿಗೇ ಸೇರಿಸಿ ಬರೆಸುತ್ತೇನೆ. ಹಣ ಸಾಲದೆ ಹೋದರೆ ಅಡುಗೆಮನೆಯ ಹಳೆಯ ಕಪಾಟಿಗೆ ಬಣ್ಣ ಬಳಿದು ಸುಮ್ಮನಾಗುತ್ತೇನೆ.

ಈ ವ್ಯವಹಾರಕ್ಕೆ ಹೊಸದಾಗಿ ಬಂದವರು ಹಾರ್ಡ್ ಮನಿಯಿಂದ ಶುರು ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಡಬಲ್ ಕೊಂಡು ಒಂದು ಮಹಡಿಯಲ್ಲಿ ತಾವೇ ವಾಸಿಸುವವರಿಗೆ, ಕೇಂದ್ರ ಸರ್ಕಾರದ ವಸತಿ ಸಂಸ್ಥೆ ವಿಮೆ ಒದಗಿಸುವ ಎಫ್‌ಎಚ್‌ಎ 203(ಕೆ) ಎಂಬ ಸಾಲವಿದೆ. ಖರೀದಿ ಮತ್ತು ದುರಸ್ತಿ ಎರಡೂ ಒಂದೇ ಸಾಲದಲ್ಲಿ, ಕೈಯಿಂದ ಶೇ 3.5ರಷ್ಟು ಹಾಕಿದರೆ ಸಾಕಾಗಬಹುದು. ಆದರೆ 2025ರ ಮೇ ಕೊನೆಯಿಂದ ಗ್ರೀನ್ ಕಾರ್ಡ್ ಇಲ್ಲದ ವೀಸಾದಾರರಿಗೆ ಎಫ್‌ಎಚ್‌ಎ ಸಾಲ ನಿಂತಿದೆ. ಅಂಥವರು ವಾಸಯೋಗ್ಯವಾದ ಡಬಲ್ ಹುಡುಕಿ ಸಾಮಾನ್ಯ ಬ್ಯಾಂಕ್ ಸಾಲ ಕೇಳಬಹುದು. ಮಾಲೀಕರೇ ವಾಸಿಸುವುದಾದರೆ ಫ್ಯಾನಿ ಮೇ 2023ರ ನವೆಂಬರಿನಿಂದ ಅಂಥ ಡಬಲ್ ಮನೆಯ ಸಾಲಕ್ಕೂ ಶೇ 5ರ ಮುಂಗಡವನ್ನು ಒಪ್ಪುತ್ತಿದೆ.