ಕೆಲಸ ಬಿಡಿಸಿದ ತಾರೀಖು

2008ರ ಮೇ ತಿಂಗಳು. ಶಹಾಬಾದಿನ ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೈಕೆಳಗೆ ನಾನು ಆಳುಗಳ ಹಾಜರಿ ಬರೆಯುತ್ತಿದ್ದೆ. ಬಿ.ಕಾಂ. ಮುಗಿಸಿ ಸೇರಿ ಹತ್ತೊಂಬತ್ತು ತಿಂಗಳಾಗಿತ್ತು. ಒಂದು ಸಂಜೆ ಗೇಟಿನ ಹತ್ತಿರ “ನಾಳಿಂದ ಬರಬ್ಯಾಡ” ಅಂದರು, ಅಷ್ಟೇ. ಕಾರಣವಿಲ್ಲ, ಚೀಟಿಯಿಲ್ಲ. ಮನೆಗೆ ಬಂದು ಹೇಳಿದರೆ ಅವ್ವ ಕೇಳಿದ ಮೊದಲ ಮಾತು, “ಯಾರದಾದ್ರೂ ಪಗಾರ ಹೆಚ್ಚುಕಮ್ಮಿ ಬರದಿದ್ದೇನೊ?” ಹೆತ್ತವಳಿಗೇ ಹಾಗನ್ನಿಸಿದರೆ ಊರವರ ಬಾಯಿ ಹೇಗೆ ಮುಚ್ಚುವುದು?

ಅದೇ ಜುಲೈನಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಯಲ್ಲಿ ಶುರುವಾಯಿತು. ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗುತ್ತಿದ್ದ ಕೇಸುಗಳು ಇನ್ನು ಇಲ್ಲೇ ನಡೆಯುತ್ತವೆ, ವಕೀಲಿ ಓದು ಎಂದು ಸೋದರಮಾವ ನನ್ನನ್ನು ಇಲ್ಲಿನ ಕಾನೂನು ಕಾಲೇಜಿಗೆ ಕರೆತಂದು ಮೂರು ವರ್ಷದ ಎಲ್‌ಎಲ್.ಬಿ.ಗೆ ಹೆಸರು ಹಚ್ಚಿಸಿದ.

ಓದುವಾಗಲೆಲ್ಲ ಒಂದೇ ಹೆದರಿಕೆ. ನೌಕರಿಯಿಂದ ತೆಗೆಸಿಕೊಂಡವನಿಗೆ, ವಕೀಲರ ಪಟ್ಟಿ ಇಡುವ ಬಾರ್ ಕೌನ್ಸಿಲ್ ವಕೀಲಿ ಮಾಡುವ ಸನ್ನದು ಕೊಡುತ್ತದೆಯೇ? ಕಡೆಯ ವರ್ಷ ತಡೆಯಲಾರದೆ ಕಾರ್ಮಿಕ ಕಾನೂನು ಕಲಿಸುತ್ತಿದ್ದ ಸರ್ ಹತ್ತಿರ ಕೇಳಿದೆ. ಅವರು 1961ರ ವಕೀಲರ ಕಾಯ್ದೆ ತೆಗೆದು 24ಎ ಕಲಮನ್ನು ನನ್ನಿಂದಲೇ ಜೋರಾಗಿ ಓದಿಸಿದರು. ಸರ್ಕಾರದ ಅಡಿಯ ನೌಕರಿಯಿಂದ, ಅದೂ ನೈತಿಕ ಅಧಃಪತನದ ಆರೋಪದ ಮೇಲೆ ವಜಾ ಆದವರಿಗೆ ಆ ಅಡ್ಡಿ. ಅವರಿಗೂ ಎರಡು ವರ್ಷ ಕಳೆದರೆ ತೀರುತ್ತದೆ. “ನಿಂದು ಇದರಾಗ ಎಲ್ಲದ, ತೋರ್ಸು” ಅಂದರು. ಎರಡು ಸಲ ಓದಿದೆ, ಸಿಗಲಿಲ್ಲ. “ಫಾರಂನಾಗ ಕೇಳಿದ್ರ ಇದ್ದದ್ದು ಬರದ್ಬಿಡು. ಮುಚ್ಚಿಟ್ಟಿ ಅಂದ್ರ ಅದೇ ತಪ್ಪಾಗ್ತದ.” ಮುಖ್ಯ ಸಂಗತಿಯನ್ನು ಸುಳ್ಳು ಹೇಳಿ ಪಟ್ಟಿ ಸೇರಿದವರ ಹೆಸರನ್ನು ತೆಗೆದುಹಾಕಲು 26ನೇ ಕಲಮಿನಲ್ಲಿ ಅವಕಾಶವಿದೆ. ಎರಡೂವರೆ ವರ್ಷದ ಭಾರ ಅವತ್ತು ಇಳಿಯಿತು.

ಆದರೆ ಇನ್ನೊಂದು ಉಳಿದಿತ್ತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಕೆಲಸ ಕಳೆದುಕೊಂಡವನು ರಾಜಿ ಅಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ, ಸರ್ಕಾರದ ಕಡೆ ನೋಡುತ್ತ ಕೂಡದೆ, ನೇರ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ತೆಗೆದ ದಿನದಿಂದ ಮೂರು ವರ್ಷದೊಳಗೆ ಹೋಗಬೇಕಿತ್ತು. ಸರ್ ಅದನ್ನು ಪಾಠ ಮಾಡುವಾಗ ನಾನು ಬೆರಳು ಎಣಿಸುತ್ತಿದ್ದೆ: 2011ರ ಮೇವರೆಗೆ ನನಗೆ ಅವಧಿ ಇದೆ. ವರ್ಷದಲ್ಲಿ 240 ದಿನ ದುಡಿದವನನ್ನು ತಿಂಗಳ ನೋಟಿಸು, ಪರಿಹಾರ ಕೊಡದೆ ತೆಗೆಯುವಂತಿಲ್ಲ. ಆದರೆ ಆ 240 ದಿನ ತೋರಿಸುವ ಹೊಣೆ ದುಡಿದವನದೇ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತ್ತು, ಬರೀ ಅಫಿಡವಿಟ್ಟು ಸಾಲದು. ನಾನೇ ಬರೆದ ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇರಲಿಲ್ಲ. ಪಗಾರ ಕೈಯಲ್ಲಿ ಕೊಡುತ್ತಿದ್ದರು. ಯಾರನ್ನೂ ಕೇಳದೆ, ದಾಖಲೆಯಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಪರೀಕ್ಷೆಯ ಓದಿನಲ್ಲಿ ಆ ಮೇ ತಿಂಗಳು ದಾಟಿಹೋಯಿತು.

ಸನ್ನದು ಸಿಕ್ಕ ಮೇಲೆ ಪೇಢೆ ಹಿಡಿದುಕೊಂಡು ಸರ್ ಮನೆಗೆ ಹೋದಾಗ, ಕೇಸು ಹಾಕದೆ ಬಿಟ್ಟದ್ದನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. “ದಿನಾ ನಿನ್ನ ಮುಂದ ನಿಂತು ಹಾಜರಿ ಬರ್ಸಿದ ಮಂದಿ ಇದ್ರಲ್ಲೊ. ಅವ್ರು ಸಾಕ್ಷಿ ಹೇಳ್ತಿದ್ದಿಲ್ಲೇನು?”

ನಲವತ್ತು ಮಂದಿಯ ಮುಖ ಕಣ್ಣ ಮುಂದೆ ಬಂದವು. ಅವರಲ್ಲಿ ಒಬ್ಬರೂ ಆಗ ನನಗೆ ನೆನಪಾಗಿರಲಿಲ್ಲ. ಅದು ಇವತ್ತಿಗೂ ನೋಯುತ್ತದೆ, ಹೋದ ನೌಕರಿಗಿಂತ ಹೆಚ್ಚು.

ಈಗ ನನ್ನ ಹತ್ತಿರ ಬರುವವರು ಹೆಚ್ಚಾಗಿ ದಾಲ್ ಮಿಲ್ಲಿನವರು, ಕಲ್ಲು ಗಣಿಯವರು. ಕೂತ ಕೂಡಲೇ ತಾರೀಖು ಕೇಳುತ್ತೇನೆ, ಆಮೇಲೆ ಜೊತೆಗೆ ದುಡಿದವರ ಹೆಸರು. 2025ರ ನವೆಂಬರ್ 21ರಿಂದ ಆ ಹಳೆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಹೊಸ ಸಂಹಿತೆ ಜಾರಿಗೆ ಬಂದು ಗಡುವು ಎರಡು ವರ್ಷಕ್ಕೆ ಇಳಿದಿದೆ. ಕೇಳುವ ಅವಸರ ಇನ್ನಷ್ಟು ಹೆಚ್ಚಿದೆ.

ಮೊನ್ನೆ ತೊಗರಿ ಆರಿಸುವ ಒಬ್ಬ ಅಜ್ಜಿ ಬಂದಿದ್ದರು. “ತಾರೀಖ ನನಗೇನ್ ಗೊತ್ರಿ ವಕೀಲ್ ಸಾಹೇಬ್ರ, ಶರಣಬಸಪ್ಪನ ತೇರು ಎಳದ ಮೂರನೇ ದಿನ ಬಿಡ್ಸಿದ್ರು” ಅಂದರು. ಹೋಳಿ ಹುಣ್ಣಿಮೆಯಾಗಿ ಐದನೇ ದಿನ ತೇರು. ಗೋಡೆಯ ಕ್ಯಾಲೆಂಡರ್ ಇಳಿಸಿ ಹಿಂದಿನ ಹಾಳೆ ತಿರುವಿದೆ.

“ಆವತ್ತು ನಿಮ್ಮ ಜೋಡಿ ಯಾರ್ಯಾರು ಇದ್ರವ್ವ?”

ಅವರು ಒಂದೊಂದೇ ಹೆಸರು ಹೇಳತೊಡಗಿದರು. ಬರೆದುಕೊಂಡೆ.