ಯೆಜ್ಡಿ 250 ಕೆಲಸದ ದಾಖಲೆ: ಆರು ವೋಲ್ಟ್ ಎಲ್ಲಿ ಸೋರುತ್ತಿದೆ?

ಗಾಡಿ ಡೈನಮೊ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಇರುವ ಹಳೆ ಯೆಜ್ಡಿ 250 ಬೈಕು. ಆರು ವೋಲ್ಟ್, ಪಾಯಿಂಟ್ ಇಗ್ನಿಷನ್: ಪಾಯಿಂಟ್ ಎಂಬ ಪುಟ್ಟ ಸ್ವಿಚ್ ಮುಚ್ಚಿದಾಗ ಕಾಯಿಲಿನಲ್ಲಿ (ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವ ಸುರುಳಿ) ಕರೆಂಟ್ ಹರಿಯುತ್ತದೆ, ಬಿಚ್ಚಿದ ಕ್ಷಣ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಹಾವೇರಿ ಕಡೆ ಗೋವಿನಜೋಳದ ಚೀಲಗಳ ಪಕ್ಕ ವರ್ಷಗಟ್ಟಲೆ ನಿಂತದ್ದು, ಹುಬ್ಬಳ್ಳಿಗೆ ಬಂದ ಮೇಲೆ ಫ್ರೇಮಿಗೆ ಪೌಡರ್ ಕೋಟಿಂಗ್, ಇಂಜಿನ್ನಿಗೆ ಹೊಸ ಸೀಲು ಬೇರಿಂಗು ಆದವು. ಜೋಡಿಸಿ ಕಿಕ್ ಹೊಡೆದರೆ ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲ. ಪೆಟ್ರೋಲ್ ಬರುತ್ತದೆ, ಕಂಪ್ರೆಶನ್ ಚೆನ್ನಾಗಿದೆ. ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ಕಾಯಿಲ್ ಹೋಗೇತಿ, ಹೊಸಾದು ಹಾಕ್ರಿ.’ ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲೇ ಮುಚ್ಚಿದೆ. ಹಳೆ ಅಸಲಿ ಕಾಯಿಲ್ ಒಮ್ಮೆ ಎಸೆದರೆ ಮತ್ತೆ ಸಿಗುವುದು ಕಷ್ಟ. ಹಾಗಾಗಿ ಮೊದಲು ಅಳತೆ, ಖರೀದಿ ಆಮೇಲೆ.

ಮೊದಲ ದಿನ

ಬ್ಯಾಟರಿ ಹೊಸದು, ಸುಮ್ಮನೆ ಇದ್ದಾಗ 6.3 ವೋಲ್ಟ್. ಆರು ವೋಲ್ಟ್ ಬ್ಯಾಟರಿ 6.0 ತೋರಿಸಿದರೆ ಪೂರ್ತಿ ಇದೆ ಅಂದುಕೊಳ್ಳಬೇಡಿ, ಅದು ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಹೆಡ್‌ಲೈಟ್ ಡಬ್ಬಿಯೊಳಗೆ ಇಲಿ ಎರಡು ತಂತಿ ಕಡಿದಿತ್ತು, ಒಂದು ಹಾರ್ನಿನದು, ಇನ್ನೊಂದು ಹಿಂದಿನ ದೀಪದ್ದು. ಇಗ್ನಿಷನ್ನಿಗೆ ಸಂಬಂಧವಿಲ್ಲ, ಬೆಸುಗೆ ಹಾಕಿ ಸ್ಲೀವ್ ಏರಿಸಿದ್ದಾಯಿತು.

ಕಾಯಿಲಿನ ಪ್ರೈಮರಿ (ಬ್ಯಾಟರಿ ಕಡೆಯ ಸುತ್ತು) 1.5 ಓಮ್, ಸೆಕೆಂಡರಿ (ಪ್ಲಗ್ ಕಡೆಯ ಸುತ್ತು) 7 ಕಿಲೋ ಓಮ್. ಎರಡೂ ಸರಿಯಾದ ಮಟ್ಟದಲ್ಲೇ ಇವೆ. ಆಮೇಲೆ ಕೀ ಆನ್ ಮಾಡಿ ಮೀಟರ್ ಇಟ್ಟಲ್ಲೆಲ್ಲ 6.3: ಸ್ವಿಚ್ ದಾಟಿದ ಮೇಲೂ ಅಷ್ಟೇ, ಕಾಯಿಲ್ ದಾಟಿದ ಮೇಲೂ ಅಷ್ಟೇ, ಪಾಯಿಂಟ್ ತಂತಿಯಲ್ಲೂ ಅಷ್ಟೇ. ನೋಡಿದರೆ ಖುಷಿಯಾಗುವ ಲೆಕ್ಕ, ಆದರೆ ಮೋಸದ ಲೆಕ್ಕ. ಪಾಯಿಂಟ್ ಮುಚ್ಚಿಕೊಂಡಿರುವಾಗ ಪಾಯಿಂಟ್ ತಂತಿಯಲ್ಲಿ ಸೊನ್ನೆಗೆ ಹತ್ತಿರ ಬರಬೇಕು. 6.3 ಬಂತೆಂದರೆ ಪಾಯಿಂಟ್ ಮುಖಗಳು ತಾಗಿದ್ದರೂ ಕರೆಂಟ್ ಹರಿಯುತ್ತಿಲ್ಲ. ಕರೆಂಟೇ ಹರಿಯದಿದ್ದರೆ ದಾರಿಯಲ್ಲಿ ಎಷ್ಟು ಕೆಟ್ಟ ಜೋಡಣೆಯಿದ್ದರೂ ಮೀಟರಿಗೆ ಕಾಣುವುದಿಲ್ಲ.

ಎರಡನೇ ದಿನ

ಬಲಗಡೆಯ ಕವರ್ ಬಿಚ್ಚಿದರೆ ಡೈನಮೊ, ಅದರ ತುದಿಯಲ್ಲಿ ಕ್ಯಾಮ್ (ತಿರುಗುತ್ತಾ ಪಾಯಿಂಟನ್ನು ಎತ್ತಿ ಬಿಚ್ಚುವ ಉಬ್ಬು) ಮತ್ತು ಪಾಯಿಂಟ್. ಮುಖಗಳ ಮೇಲೆ ಒಣಗಿದ ಎಣ್ಣೆಯ ಕಂದು ಪದರ. 600 ನಂಬರಿನ ಪಾಲಿಶ್ ಪೇಪರ್ ಸಣ್ಣ ಪಟ್ಟಿ ಮಾಡಿ ಎರಡು ಸಲ ಎಳೆದು, ಥಿನ್ನರಿನಲ್ಲಿ ಅದ್ದಿದ ಬಿಳಿ ಕಾಗದವನ್ನು ಮುಖಗಳ ನಡುವೆ ಹಿಡಿದು, ಕಪ್ಪು ಬರುವುದು ನಿಲ್ಲುವ ತನಕ ಎಳೆದದ್ದು. ಕಾಗದದ ಕೆಲಸ ಬಿಡಬೇಡಿ. ಪಾಲಿಶ್ ಪೇಪರಿನ ಪುಡಿಯೇ ಅಲ್ಲಿ ಕೂತರೆ ಮತ್ತೆ ಅದೇ ಗತಿ.

ಪಾಯಿಂಟ್ ಮುಖಗಳ ನಡುವಿನ ಗ್ಯಾಪ್ 0.4 ಮಿ.ಮೀ., ಕ್ಯಾಮ್ ಪೂರ್ತಿ ಎತ್ತಿದ ಜಾಗದಲ್ಲಿ. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್ (ಕಿಡಿ ಹಾರುವ ಹೊತ್ತು). ತಿರುವುಮುರುವು ಮಾಡಿದರೆ ಎರಡು ಸಲ ಕೆಲಸ. ಗ್ಯಾಪ್ ಹಿಗ್ಗಿದಷ್ಟೂ ಪಾಯಿಂಟ್ ಬೇಗ ಬಿಚ್ಚುತ್ತದೆ, ಟೈಮಿಂಗ್ ಮುಂದಕ್ಕೆ ಹೋಗುತ್ತದೆ. ಡಯಲ್ ಗೇಜ್ ಇಟ್ಟು, ಪಿಸ್ಟನ್ ಮೇಲ್ತುದಿ ಮುಟ್ಟಲು 3 ಮಿ.ಮೀ. ಬಾಕಿ ಇರುವಾಗ ಪಾಯಿಂಟ್ ಬಿಚ್ಚುವಂತೆ ಕೂರಿಸಲಾಗಿದೆ. ಬಿಚ್ಚುವ ಕ್ಷಣ ಕಣ್ಣಿಗೆ ತಿಳಿಯುವುದಿಲ್ಲ. ಪಾಯಿಂಟ್ ತಂತಿಗೂ ಅರ್ಥಿಗೂ (ಕರೆಂಟ್ ಬ್ಯಾಟರಿಗೆ ಮರಳುವ ಗಾಡಿಯ ಲೋಹದ ಮೈ) ನಡುವೆ ಸಣ್ಣ ಬಲ್ಬ್ ಕಟ್ಟಿ ಕೀ ಆನ್ ಇಡಿ, ಬಲ್ಬ್ ಹೊತ್ತಿದ ಕ್ಷಣವೇ ಅದು.

ಈಗ ಕಿಡಿ ಬಂತು. ಆದರೆ ಹಳದಿ, ಸಣಕಲು, 2-3 ಮಿ.ಮೀ. ಹಾರಿದರೆ ಹೆಚ್ಚು. ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಮೂರನೇ ದಿನ, ಅಸಲಿ ಕೆಲಸ

ಪಾಯಿಂಟ್ ಮುಚ್ಚಿರುವಂತೆ ಇಂಜಿನ್ ತಿರುಗಿಸಿ ನಿಲ್ಲಿಸಿ, ಕೀ ಆನ್ ಮಾಡಿ ಅಳತೆ. ಪ್ರತಿ ಸಲ ಅರ್ಧ ನಿಮಿಷ ಮೀರಬಾರದು, ಕಾಯಿಲ್ ಬಿಸಿಯೇರುತ್ತದೆ. ಈ ಸಲ ಮೀಟರಿನ ಎರಡೂ ಕಡ್ಡಿ ಒಂದೇ ದಾರಿಯ ಎರಡು ತುದಿಗೆ. ಅಲ್ಲಿ ಎಷ್ಟು ಕಾಣುತ್ತದೋ ಅಷ್ಟು ವೋಲ್ಟ್ ದಾರಿಯಲ್ಲೇ ಸತ್ತಿತು ಎಂದರ್ಥ.

ಬ್ಯಾಟರಿಯಿಂದ ಸ್ವಿಚ್ ದಾಟಿ ಕಾಯಿಲಿನ ತನಕ: 1.1 ವೋಲ್ಟ್.
ಇಂಜಿನ್ ಮೈಯಿಂದ ಬ್ಯಾಟರಿಯ ಅರ್ಥ್ ತುದಿಗೆ: 0.6.
ಪಾಯಿಂಟ್ ಮುಖಗಳಲ್ಲಿ: 0.1.

ಲೋಡಿನಲ್ಲಿ ಬ್ಯಾಟರಿ 6.1. ಕಾಯಿಲಿಗೆ ಉಳಿದದ್ದು 4.3 ವೋಲ್ಟ್, ಅಂದರೆ 2.9 ಆಂಪಿಯರ್. ಹನ್ನೆರಡು ವೋಲ್ಟ್ ಗಾಡಿಯಲ್ಲಿ 1.7 ವೋಲ್ಟ್ ಹೋದರೂ ಹೇಗೋ ನಡೆದೀತು, ಆರರಲ್ಲಿ ಅದು ಕಾಲುಭಾಗಕ್ಕಿಂತ ಜಾಸ್ತಿ.

ಅರ್ಥಿನ ದಾರಿಯಲ್ಲಿ ಸೋರಿದ್ದಕ್ಕೆ ಕಾರಣ ಪೌಡರ್ ಕೋಟಿಂಗ್. ಅಂದವಾಗಿ ಕೂತಿದೆ, ಆದರೆ ಅದು ಪ್ಲಾಸ್ಟಿಕ್ ಪದರ, ಕರೆಂಟ್ ಬಿಡುವುದಿಲ್ಲ. ಬೋಲ್ಟಿನ ಎಳೆಗಳ ಮೂಲಕ ಅಷ್ಟಿಷ್ಟು ದಾಟುತ್ತಿತ್ತು. ಅರ್ಥ್ ಬೋಲ್ಟಿನ ಜಾಗದಲ್ಲಿ ಐದು ಪೈಸೆಯಗಲ ಲೋಹ ಕಾಣುವಂತೆ ಕೆರೆದು, ಹಲ್ಲಿನ ವಾಷರ್ ಹಾಕಿ, ಮೇಲೆ ವ್ಯಾಸಲೀನ್ ಸವರಿ, ಇಂಜಿನ್ನಿನಿಂದ ಬ್ಯಾಟರಿಗೆ ನೇರ 2.5 ಚದರ ಮಿ.ಮೀ. ತಂತಿ. 0.6 ಇದ್ದದ್ದು 0.05ಕ್ಕೆ ಇಳಿಯಿತು. ಮಳೆಗಾಲಕ್ಕೆ ಆ ವ್ಯಾಸಲೀನ್ ಬೇಕೇ ಬೇಕು, ಧಾರವಾಡದ ಜಿಟಿಜಿಟಿಯಲ್ಲಿ ಬರೀ ಲೋಹ ಬೇಗ ತುಕ್ಕು ಹಿಡಿಯುತ್ತದೆ.

ಮೊಳೆಯಂಥ ಕೀಯ ಸ್ವಿಚ್ಚಿನಲ್ಲಿ ಹಿತ್ತಾಳೆ ಪಟ್ಟಿಗಳು ಹಸಿರು ಬಣ್ಣಕ್ಕೆ ತಿರುಗಿದ್ದವು. ಒರೆಸಿ, ಪಟ್ಟಿಯನ್ನು ತುಸು ಮೇಲಕ್ಕೆ ಬಗ್ಗಿಸಿ ಬಿಗಿ ಮಾಡಿದ ಮೇಲೆ, ಫ್ಯೂಸಿನ ಸಡಿಲ ಕ್ಲಿಪ್ಪನ್ನೂ ಹಿಂಡಿದ ಮೇಲೆ, 1.1 ಇದ್ದದ್ದು 0.2. ಈಗ ಕಾಯಿಲಿಗೆ 3.8 ಆಂಪಿಯರ್. ಕಾಯಿಲಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ ಕಿಡಿಗೆ ಸಿಕ್ಕಿದ್ದು ಸುಮಾರು 1.7 ಪಟ್ಟು. ನೀಲಿ ಕಿಡಿ, 6 ಮಿ.ಮೀ. ಸಲೀಸು. ಅದೇ ಹಳೆ ಕಾಯಿಲ್.

ಮೀಟರ್ ಇಲ್ಲದವರು 6 ವೋಲ್ಟ್ 18 ವ್ಯಾಟಿನ ಬ್ರೇಕ್ ಬಲ್ಬಿಗೆ ಎರಡು ತಂತಿ ಬೆಸೆದುಕೊಳ್ಳಿ. ಅದು 3 ಆಂಪಿಯರ್ ಎಳೆಯುತ್ತದೆ, ಹೆಚ್ಚುಕಡಿಮೆ ಕಾಯಿಲಿನಷ್ಟೇ. ಬ್ಯಾಟರಿಯ ಮೇಲೆ ಮತ್ತು ಸ್ವಿಚ್ ದಾಟಿದ ಮೇಲೆ ಬೆಳಕು ಹೋಲಿಸಿದರೆ ಸೋರಿಕೆ ಕಣ್ಣಿಗೇ ಕಾಣುತ್ತದೆ. ಹನ್ನೆರಡು ವೋಲ್ಟ್ ಬ್ಯಾಟರಿ ಹಾಕಿ ನೋಡುವ ಸಲಹೆ ಮಾತ್ರ ಕೇಳಬೇಡಿ: ಕರೆಂಟ್ ಇಮ್ಮಡಿ, ಕಾಯಿಲಿನ ಶಾಖ ನಾಲ್ಕು ಪಟ್ಟು.

ನಾಲ್ಕನೇ ದಿನ

ಮೂರನೇ ಕಿಕ್ಕಿಗೆ ಚಾಲೂ. ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಮಿಸ್ ಹೊಡೆದು ಬಂದ್. ಪಾಯಿಂಟಿನಲ್ಲಿ ದಪ್ಪ ಬಿಳಿ ಕಿಡಿ, ಅದು ಕಂಡೆನ್ಸರ್ (ಪಾಯಿಂಟ್ ಬಿಚ್ಚುವಾಗ ಅಲ್ಲೇ ಕಿಡಿ ಹಾರದಂತೆ ತಡೆಯುವ ಬಿಡಿಭಾಗ) ಕೆಟ್ಟಿರುವ ಗುರುತು. ತಣ್ಣಗಿದ್ದಾಗ ಮೀಟರ್ 0.22 ಮೈಕ್ರೋಫ್ಯಾರಡ್ ಎಂದೇ ತೋರಿಸಿತು. ಆದರೆ ಪಾಯಿಂಟ್ ಬಿಚ್ಚಿದಾಗ ಅದರ ಮೇಲೆ ಬೀಳುವುದು ಇನ್ನೂರು ಮುನ್ನೂರು ವೋಲ್ಟ್. ಅಲ್ಲಿ ಬಿರಿಯುವ ಇನ್ಸುಲೇಶನ್ ಮೀಟರಿಗೆ ಗೊತ್ತಾಗದು. ಹೊಸದು ಹಾಕಿ ನಲವತ್ತು ನಿಮಿಷ ಓಡಿಸಿದರೂ ನಿಲ್ಲಲಿಲ್ಲ.

ಬಾಕಿ

ಚಾರ್ಜಿಂಗ್ ಇಲ್ಲ. ಇಂಜಿನ್ ಏರಿಸಿದರೂ ಬ್ಯಾಟರಿ 6.2 ದಾಟುತ್ತಿಲ್ಲ, 7ರ ಮೇಲೆ ಬರಬೇಕು. ಡೈನಮೊದ ಕಮ್ಯುಟೇಟರಿನಿಂದ (ಕಾರ್ಬನ್ ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉಂಗುರ) ಶಾಫ್ಟಿಗೆ ಅಳೆದರೆ 4 ಕಿಲೋ ಓಮ್, ಅಲ್ಲಿ ಕರೆಂಟ್ ದಾಟಲೇಬಾರದು: ಕಾರ್ಬನ್ ಪುಡಿ ಎಣ್ಣೆಯಲ್ಲಿ ಕಲಸಿ ದಾರಿ ಮಾಡಿಕೊಂಡಿದೆ. ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟು, ತಾಮ್ರದ ಪಟ್ಟಿಗಳ ನಡುವಿನ ಸಂದಿಯನ್ನು ಹ್ಯಾಕ್‌ಸಾ ಬ್ಲೇಡಿನ ಚೂರಿನಿಂದ ಕೆರೆಯಬೇಕು. ಎಮರಿ ಪೇಪರ್ ಬೇಡ, ಅದರ ಕಣ ತಾಮ್ರದಲ್ಲಿ ಹೂತು ಬ್ರಷ್ ತಿನ್ನುತ್ತದೆ. ಆರ್ಮೇಚರ್ (ಡೈನಮೊದೊಳಗೆ ತಿರುಗುವ ತಂತಿ ಸುತ್ತಿದ ಭಾಗ) ಸುತ್ತಿನೊಳಗೆ ಶಾರ್ಟ್ ಇದೆಯೇ ಎಂಬುದಕ್ಕೆ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಯ ಗ್ರೌಲರ್ (ಸುತ್ತಿನ ಶಾರ್ಟ್ ಪತ್ತೆ ಮಾಡುವ ಸಾಧನ) ಸಾಕು. ಅಲ್ಲಿಯ ತನಕ ಬ್ಯಾಟರಿಯನ್ನು ಹೊರಗಿನ ಚಾರ್ಜರಿಗೆ ಹಾಕಿ, ಹೆಡ್‌ಲೈಟ್ ಹಚ್ಚದೆ, ಹಗಲಲ್ಲಷ್ಟೇ ಓಡಿಸುವುದು.